ಬೆಂಕಿ ಹಚ್ಚುವ ಕೆಲಸ

ಎರ್ರಿಸ್ವಾಮಿಯನ್ನು ನಾನು ಮೊದಲು ಕಂಡ ದಿನ ಅವನಿಗೆ ಒಂದೇ ಹುಬ್ಬಿತ್ತು. ಅದು 1998ರ ಬೇಸಿಗೆ. ಹಿರಿಯೂರಿನ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳು ಖಾಲಿ ಇವೆಯೆಂದು ಯಾರೋ ಹೇಳಿದ್ದರಂತೆ. ತಾಯಿ ಓಬವ್ವನನ್ನು ಕರೆದುಕೊಂಡು ಬಾಡಿಗೆಗೆ ಕೇಳಲು ಬಂದಿದ್ದ. ಎಡಗಣ್ಣಿನ ಮೇಲೆ ಹುಬ್ಬಿರಬೇಕಾದ ಕಡೆ ಸುಟ್ಟ ಗೆರೆಯೊಂದಿತ್ತು. ಅಂಗಿ ಸೀಮೆಎಣ್ಣೆ ನಾರುತ್ತಿತ್ತು. ಏನು ಕೆಲಸವಪ್ಪಾ ಎಂದು ಕೇಳಿದೆ.

"ಬೆಂಕಿ ಹಚ್ಚೋದು, ಮೇಷ್ಟ್ರೇ."

ನನ್ನ ಹೆಂಡತಿ ಅನ್ನಪೂರ್ಣಮ್ಮ ಅಡುಗೆಮನೆಯಿಂದ ಇಣುಕಿ ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಬಾಡಿಗೆಗೆ ಕೊಡುವುದು ಬೇಡವೆಂಬ ಅರ್ಥ ಅದರಲ್ಲಿತ್ತು. ಆದರೆ ಹುಡುಗ ನಿಧಾನವಾಗಿ ಬಿಡಿಸಿ ಹೇಳಿದ ಮೇಲೆ ಅವಳೇ ಕಾಫಿ ತಂದಳು.

ಮಾರಿಕಣಿವೆಯ ರಸ್ತೆಯಲ್ಲಿ, ಊರು ಮುಗಿದು ಬಯಲು ತೊಡಗುವಲ್ಲಿ, ಒಂದು ಕಂಪನಿ ಉದ್ದನೆಯ ಶೆಡ್ ಕಟ್ಟಿತ್ತು. ಒಳಗೆ ಹಳೆಯ ವಿಮಾನದ ಎಂಜಿನ್ ಒಂದಿತ್ತು. ವಿಮಾನ ಹಾರುವಾಗ ಎಂಜಿನ್ನಿಗೆ ಬೆಂಕಿ ಬಿದ್ದರೆ ಆರಿಸಲು ಹ್ಯಾಲಾನ್ ಎಂಬ ಅನಿಲವನ್ನು ಬಳಸುತ್ತಿದ್ದರಂತೆ. ಅದು ಬೆಂಕಿಯನ್ನು ಚೆನ್ನಾಗಿ ಆರಿಸುವುದಾದರೂ ಆಕಾಶದ ಓಜೋನ್ ಪದರವನ್ನು ಕೆಡಿಸುತ್ತದೆಂದು ಅದರ ತಯಾರಿಕೆಯನ್ನು ನಿಲ್ಲಿಸುತ್ತ ಬಂದಿದ್ದರು. ಅದರ ಬದಲಿಗೆ ಯಾವ ಅನಿಲ ಆದೀತು, ಎಷ್ಟು ಬೇಕಾದೀತು ಎಂದು ಪರೀಕ್ಷಿಸುವುದೇ ಆ ಶೆಡ್ಡಿನ ಉದ್ಯೋಗ. ದೊಡ್ಡ ಫ್ಯಾನಿನಿಂದ ಗಾಳಿ ನುಗ್ಗಿಸಿ, ಎಂಜಿನ್ನಿನ ಹೊದಿಕೆಯೊಳಗೆ ಕಬ್ಬಿಣದ ತಗಡೊಂದನ್ನು ಕಾಯಿಸಿ, ಅದರ ಮೇಲೆ ಇಂಧನ ಚಿಮ್ಮಿಸಿ ಒಬ್ಬನು ಬೆಂಕಿ ಹಚ್ಚಬೇಕು. ಗಂಟೆ ಬಾರಿಸಿದೊಡನೆ ಇನ್ನೊಬ್ಬನು ಸ್ವಿಚ್ ಒತ್ತಿ ಹೊಸ ಅನಿಲವನ್ನು ಬಿಡಬೇಕು.

ಆ ಇನ್ನೊಬ್ಬನು ಭೀಮಸಮುದ್ರದ ರಾಜಶೇಖರ್. ಅಡಿಕೆ ವ್ಯಾಪಾರದ ಮನೆಯ ಹುಡುಗ. ಮಾತು ಕಡಿಮೆ, ಇಸ್ತ್ರಿ ಜಾಸ್ತಿ. ಸ್ವಿಚ್ಚಿನ ಕೆಲಸ ಮೊದಲು ಸಿಕ್ಕಿದ್ದು ಎರ್ರಿಸ್ವಾಮಿಗೆ. ಶೆಡ್ಡಿನ ಮುಖ್ಯಸ್ಥೆ, ಚಿತ್ರದುರ್ಗದ ಎಂಜಿನಿಯರ್ ಅನುಸೂಯ ಅವರು, ಇಬ್ಬರಲ್ಲಿ ಹೆಚ್ಚು ಅಂಕ ಪಡೆದವನೆಂದು ಅವನಿಗೇ ಕೊಟ್ಟಿದ್ದರು. ಅವನು ಹಿಗ್ಗಿ ಮನೆಗೆ ಬಂದು ಹೇಳಿದರೆ ಓಬವ್ವನ ಮುಖ ಬಿಳಿಚಿಕೊಂಡಿತಂತೆ. ಅವರ ಮನೆಯಲ್ಲಿ ದೇವರ ದೀಪವನ್ನು ಊದಿ ಆರಿಸುವ ಪದ್ಧತಿಯಿಲ್ಲ. ಹೂವಿನ ಎಸಳಿನಿಂದ ಮೆಲ್ಲಗೆ ಮುಟ್ಟುತ್ತಾರೆ. ಆರಿಸುವುದು ಎಂಬ ಮಾತನ್ನು ಕೂಡ ಆಡುವುದಿಲ್ಲ.

"ದಿನಾ ಬೆಳಗೆದ್ದು ಆರ್ಸೋದೇ ನಿನ್ನ ಕೆಲ್ಸನಾ? ನಮ್ಮ ಮನೆಗಿರೋದು ನೀನೊಬ್ನೇ. ಹಚ್ಚೋ ಕೆಲ್ಸ ಐತೇನು ಕೇಳು," ಎಂದಳು.

ಅವನು ಹೋಗಿ ಕೇಳಿದ, ರಾಜಶೇಖರ್ ಒಪ್ಪಿದ. ಮೊದಲ ವಾರದಲ್ಲೇ ಎಡಹುಬ್ಬು ಹೋಯಿತು.

ಹುಬ್ಬು ಮತ್ತೆ ಬೆಳೆಯಿತು. ಆದರೆ ಅವನ ಎದೆಯಲ್ಲಿ ಬೇರೊಂದು ಬೆಳೆಯತೊಡಗಿದ್ದು ನಮಗೆ ತಿಳಿಯಲು ಕೆಲವು ವರ್ಷಗಳೇ ಬೇಕಾದವು. ಪರೀಕ್ಷೆ ನೋಡಲು ಬಂದವರು ಬೆಂಕಿ ಹತ್ತಿದಾಗ ಹಿಂದೆ ಸರಿಯುತ್ತಿದ್ದರು, ಆರಿದಾಗ ಚಪ್ಪಾಳೆ ತಟ್ಟುತ್ತಿದ್ದರು. ಹೋಗುವಾಗ ಕೈ ಕುಲುಕುತ್ತಿದ್ದುದು ರಾಜಶೇಖರನದು. ದುರ್ಗದ ಪತ್ರಿಕೆಯೊಂದರಲ್ಲಿ ಚಿತ್ರ ಬಂದದ್ದೂ ಅವನದೇ, ಸಿಲಿಂಡರಿನ ಮೇಲೆ ಕೈಯಿಟ್ಟು ನಿಂತದ್ದು. ಆ ಪತ್ರಿಕೆಯನ್ನು ನಾನೇ ತಿಳಿಯದೆ ಓಬವ್ವನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಹುಡುಗ ಎಷ್ಟು ಲಕ್ಷಣವಾಗಿದ್ದಾನೆ ಎಂದಳು. ಎರ್ರಿಸ್ವಾಮಿ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದ.

ಅಂದಿನಿಂದ ಅವನ ಮಾತೆಲ್ಲ ರಾಜಶೇಖರನ ಸುತ್ತಲೇ. ಅವನ ಹೊಸ ಬೈಕು, ಅವನ ಇಸ್ತ್ರಿ, ಮೇಡಂ ಅವನನ್ನು 'ರೀ ರಾಜಶೇಖರ್' ಎಂದು ಕರೆಯುವುದು, ತನ್ನನ್ನು ಬರಿದೇ 'ಎರ್ರಿ' ಎನ್ನುವುದು. "ಒಂದು ಸ್ವಿಚ್ ಒತ್ತಾಕೆ ಅಷ್ಟು ಬಿಗುಮಾನ ಯಾಕ್ರಿ, ಮೇಷ್ಟ್ರೇ? ಬೆಂಕಿ ಹತ್ತದಿದ್ರೆ ಇವ್ನು ಏನು ಆರಿಸ್ತಿದ್ದ?" ಎಂದು ಒಮ್ಮೆ ನಮ್ಮ ಜಗಲಿಯಲ್ಲಿ ಕೇಳಿದ. ಬೀದಿಯವರು ಬೇರೆ, ಯಾರ ಮನೆಯಲ್ಲಿ ಜಗಳವಾದರೂ ಎರ್ರಿಸ್ವಾಮಿ ಈ ಕಡೆ ಬಂದಿದ್ದನೇನು ಎಂದು ನಗುತ್ತಿದ್ದರು.

2003ರಲ್ಲಿ ಹೊಸ ಅನಿಲವೊಂದು ಸಿದ್ಧವಾಗಿ, ಅದನ್ನು ನೋಡಲು ಹೊರಗಿನಿಂದ ದೊಡ್ಡ ಅಧಿಕಾರಿಗಳು ಬಂದರು. ನನಗೂ ಕರೆಯಿತ್ತು, ದೂರದ ಕುರ್ಚಿಯಲ್ಲಿ ಕುಳಿತಿದ್ದೆ. ಬೆಂಕಿ ಹತ್ತಿತು, ಗಂಟೆಯಾಯಿತು, ಅನಿಲ ನುಗ್ಗಿತು. ಬೆಂಕಿ ಆರಿತು. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ. ಹೊದಿಕೆಯೊಳಗೆ ಭುಗ್ಗೆಂದು ಮತ್ತೆ ಹತ್ತಿಕೊಂಡಿತು. ಎರಡನೆಯ ಸಿಲಿಂಡರಿಗೂ ಹಾಗೆಯೇ ಆಯಿತು. ಅಧಿಕಾರಿಗಳು ಊಟಕ್ಕೂ ನಿಲ್ಲದೆ ಹೊರಟರು. ರಾಜಶೇಖರ್ ಗೋಡೆಯ ಹಿಂದಿನಿಂದ ಹೊರಗೆ ಬಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ತಡವಾಗಿ ಒತ್ತಿದನೆಂದು, ಅಷ್ಟರಲ್ಲಿ ಒಳಗೆಲ್ಲ ಕಾದುಹೋಯಿತೆಂದು ಮೇಡಂ ತೀರ್ಮಾನಿಸಿದರು. ಸೋಮವಾರದಿಂದ ಸ್ವಿಚ್ಚಿಗೆ ಎರ್ರಿಸ್ವಾಮಿ, ರಾಜಶೇಖರ್ ಅಂದಿನ ಮರುಪರೀಕ್ಷೆಗೆ ಮಾತ್ರ ಬೆಂಕಿ ಹಚ್ಚಿಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೋಗಲಿ ಎಂದರು.

ಐದು ವರ್ಷ ಹಂಬಲಿಸಿದ್ದು ಕೈಗೆ ಬಂದಿತ್ತು. ಆದರೂ ಭಾನುವಾರ ಬೆಳಗ್ಗೆ ಜಗಲಿಗೆ ಬಂದವನು ಸಾಯಂಕಾಲದವರೆಗೆ ಏಳಲಿಲ್ಲ. ಕೊನೆಗೆ ಹೇಳಿದ. ತಗಡನ್ನು ಎಷ್ಟು ಕಾಯಿಸಬೇಕೋ ಅದಕ್ಕಿಂತ ಬಹಳ ಹೆಚ್ಚು ಕಾಯಿಸಿದ್ದನಂತೆ. ಅನಿಲ ಗಾಳಿಗೆ ಚೆದುರಿದೊಡನೆ ಕೆಂಡದಂತಿದ್ದ ತಗಡು ಇಂಧನಕ್ಕೆ ಮತ್ತೆ ಬೆಂಕಿ ಹಚ್ಚಿತ್ತು. ಒಂದು ಸಲ ರಾಜಶೇಖರನಿಗೆ ಚಪ್ಪಾಳೆ ತಪ್ಪಲಿ ಎಂದಷ್ಟೇ ಅವನ ಆಸೆ.

"ನಾಳೆ ಅವ್ನು ಸರಿಯಾಗೇ ಕಾಯಿಸ್ತಾನೆ, ಮೇಷ್ಟ್ರೇ. ನಾನು ಒತ್ತಿದ್ ಕೂಡ್ಲೆ ಆರ್ತೈತೆ. ಆಗ ತಪ್ಪು ಅವನದೇ ಅಂತ ಗಟ್ಟಿಯಾಗ್ತೈತೆ."

ಹೇಳಬೇಕಾದುದನ್ನೆಲ್ಲ ಅವನೇ ಹೇಳಿದ್ದ. ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಓಬವ್ವ ಬಂದು, ಅವನ ಚಪ್ಪಲಿಯನ್ನು ತಿರುಗಿಸಿ ಬೀದಿಯ ಕಡೆಗಿಟ್ಟಳು.

ಸೋಮವಾರ ಎಲ್ಲರೆದುರಿಗೆ ಮೇಡಂಗೆ ಹೇಳಿದನಂತೆ. ಅವರು ಕೂಗಾಡಲಿಲ್ಲ. ಅಧಿಕಾರಿಗಳಿಗೆ ಫೋನ್ ಮಾಡಿ ಪರೀಕ್ಷೆ ನಮ್ಮ ಕಡೆಯಿಂದಲೇ ಕೆಟ್ಟಿತೆಂದು ತಿಳಿಸಿದರು. ರಾಜಶೇಖರನನ್ನು ಸ್ವಿಚ್ಚಿಗೆ ಮರಳಿಸಿ, ಎರ್ರಿಸ್ವಾಮಿಯನ್ನು ಖಾಲಿ ಸಿಲಿಂಡರ್ ತೊಳೆದು ತುಂಬುವ ಕೆಲಸಕ್ಕೆ ಹಾಕಿದರು. ಬೆಂಕಿಯೂ ಇಲ್ಲ, ಸ್ವಿಚ್ಚೂ ಇಲ್ಲ. ಮುಂದೆ ಅಧಿಕಾರಿಗಳು ಮತ್ತೆ ಬಂದು ನೋಡಿ ಒಪ್ಪಿದರೆಂದು ಕೇಳಿದೆ.

ಆ ಸೋಮವಾರ ಸಂಜೆ ರಾಜಶೇಖರ್ ನಮ್ಮ ಮನೆಗೆ ಬಂದ. ಹೊಡೆದಾಟವಾದೀತೆಂದು ನಾನು ಇಬ್ಬರ ನಡುವೆ ಕುರ್ಚಿ ಹಾಕಿಕೊಂಡೆ. ಅವನು ಕುಳಿತು, ಓಬವ್ವ ಕೊಟ್ಟ ಮಂಡಕ್ಕಿ ತಿನ್ನುತ್ತ ಕೇಳಿದ:

"ಲೇ ಎರ್ರಿ, ಐದು ವರ್ಷದಾಗೆ ನಾನೊಂದು ದಿನ ಆ ಬೆಂಕಿ ನೋಡೀನೇನೋ?"

ಎರ್ರಿಸ್ವಾಮಿ ತಲೆಯೆತ್ತಿದ.

"ನಾನಿರೋದು ಗೋಡೆ ಹಿಂದೆ. ನಂಗೆ ಕಾಣೋದು ಒಂದು ಕೆಂಪು ಬಲ್ಬು. ಗಾಜಿನ ಕಿಟಕಿ ಇರೋದು ನಿನ್ನ ಕಡೆ. ಹೊರಗೆ ಬಂದಾಗ ನಿನ್ನ ಮುಖ ನೋಡಿದ್ರೆ, ಏನೋ ದೊಡ್ಡದು ಕಂಡು ಬಂದಂಗೆ ಇರ್ತಿದ್ದೆ. ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತೇನು ನಿಂಗೆ?"

ಎರ್ರಿಸ್ವಾಮಿ ಮಂಡಕ್ಕಿಯ ಬಟ್ಟಲನ್ನು ಅವನ ಕಡೆಗೆ ಸ್ವಲ್ಪ ಸರಿಸಿದ. ಸ್ವಲ್ಪವೇ.

ಕೆಲವು ವರ್ಷಗಳ ಮೇಲೆ ಶೆಡ್ಡಿನ ಕೆಲಸ ಮುಗಿದು, ಎಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಈಗ ಎರ್ರಿಸ್ವಾಮಿ ಹಿರಿಯೂರಿನ ಬಸ್ ನಿಲ್ದಾಣದ ಹಿಂದೆ ಬೆಂಕಿ ಆರಿಸುವ ಸಿಲಿಂಡರುಗಳನ್ನು ತುಂಬಿಕೊಡುವ ಅಂಗಡಿ ಇಟ್ಟಿದ್ದಾನೆ. ಹೊಸದುರ್ಗ, ಹೊಳಲ್ಕೆರೆ, ಸಿರಿಗೆರೆ ಕಡೆಯ ಶಾಲೆಗಳಿಗೆ ಹೋಗಿ ಅವನ್ನು ಬಳಸುವ ಬಗೆಯನ್ನು ತೋರಿಸುತ್ತಾನೆ. ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದು ಹಚ್ಚುವವನೂ ಅವನೇ, ಆರಿಸುವವನೂ ಅವನೇ. ಮಧ್ಯೆ ಯಾವ ಮೇಷ್ಟರನ್ನೂ ಕೈಹಾಕಲು ಬಿಡುವುದಿಲ್ಲ. ಓಬವ್ವನಿಗೆ ಈಗ ಅದರ ಚಿಂತೆಯಿಲ್ಲ. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ.

ರಾಜಶೇಖರ್ ಭೀಮಸಮುದ್ರದಲ್ಲಿ ಅಡಿಕೆ ಮಂಡಿ ನೋಡಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಗೋದಾಮಿನ ಕೂಲಿಯವರಿಗೆ ತೋರಿಸಿಕೊಡಲು ಎರ್ರಿಸ್ವಾಮಿಯನ್ನೇ ಕರೆಸುತ್ತಾನೆ, ಕಡ್ಡಿ ಗೀರುವುದು ಮಾತ್ರ ತಾನೇ ಎಂದು ಹಟ ಹಿಡಿಯುತ್ತಾನೆ. ಎರ್ರಿಸ್ವಾಮಿ ಬೆಂಕಿಪೊಟ್ಟಣವನ್ನು ಕೊಡುತ್ತಾನೆ. ರಾಜಶೇಖರ್ ಉರಿಯನ್ನು ಕಣ್ತುಂಬ ನೋಡುತ್ತ ನಿಂತಿರುವಷ್ಟು ಹೊತ್ತೂ, ಇವನು ಸಿಲಿಂಡರನ್ನು ಎರಡು ಕೈಯಲ್ಲೂ ಭದ್ರವಾಗಿ ಹಿಡಿದುಕೊಂಡಿರುತ್ತಾನೆ.