ನೆಲಕ್ಕೆ ಬಡಿದ ತಟ್ಟೆ

ಆ ತಟ್ಟೆ ನೆಲಕ್ಕೆ ಬಡಿದಿತ್ತು, ಹನುಮಕ್ಕ. ನೀನು ಬಂದು ನನಗೆ ಹೇಳಿದ್ದೆ. ಬಿದ್ದಿಲ್ಲ ಎಂದೇ ನೀನು ಹೇಳಿದ್ದು ಎಂದು ನಾನು ಎಲ್ಲರೆದುರು ಸುಳ್ಳಾಡಿದೆ. ಐದನೇ ಕ್ಲಾಸಿನ ಹುಡುಗಿಯ ತಲೆಗೆ ನನ್ನ ಸುಳ್ಳನ್ನು ಕಟ್ಟಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ — ಟೀಚರಾದವಳು.

ನಾನು ಮಡಕಶಿರಾ ಕಡೆಯವಳು. ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಕನ್ನಡ ಶಾಲೆಗೆ ಬಂದಾಗ ಆಟದ ಪಿರಿಯಡ್ಡು ನನ್ನ ಕೊರಳಿಗೆ ಬಿತ್ತು. ಕಬಡ್ಡಿ, ಖೋ-ಖೋ ಅಂದರೆ ದಿನವೂ ಅದೇ ಗಟ್ಟಿ ಹುಡುಗರು. ಮಿಕ್ಕವರು ಅವರ ಚಪ್ಪಲಿ ಕಾಯುತ್ತ ಕೂರುವುದು. ಅದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಒಂದು ತರಬೇತಿಯಲ್ಲಿ ಹಾರುವ ತಟ್ಟೆಯ ಆಟ ನೋಡಿ ಬಂದೆ. ಹುಡುಗರು ಹುಡುಗಿಯರು ಕೂಡಿಯೇ ಆಡಬೇಕು. ತಟ್ಟೆ ಹಿಡಿದು ಓಡುವಂತಿಲ್ಲ, ಕೈಯಿಂದ ಕೈಗೆ ಎಸೆಯುತ್ತ ಹೋಗಿ ಎದುರಿನ ಗೆರೆಯಾಚೆ ಹಿಡಿದರೆ ಪಾಯಿಂಟು. ನೆಲಕ್ಕೆ ಬಿದ್ದರೆ ಇಲ್ಲ. ಅಂಪೈರೂ ಇರುವುದಿಲ್ಲ, ತಪ್ಪಾದರೆ ಆಡುವವರೇ ಕೈಯೆತ್ತಿ ಹೇಳಬೇಕು.

ಪ್ಲಾಸ್ಟಿಕ್ ತಟ್ಟೆಗಳು ನಮ್ಮ ಮೈದಾನದ ಕಲ್ಲಿಗೆ ಬಿದ್ದು ಒಡೆದುಹೋದವು. ಆಗ ನಿಮ್ಮವ್ವ ಈರಮ್ಮ — ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದವಳು — ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಪದರ ಪದರವಾಗಿ ಸೇರಿಸಿ, ಅಂಚಿನೊಳಗೆ ಹಗ್ಗವಿಟ್ಟು, ದುಂಡಗೆ ಹೊಲಿದುಕೊಟ್ಟಳು. ಎಷ್ಟು ಚೆನ್ನಾಗಿ ಹಾರುತ್ತಿತ್ತು! ಬಟ್ಟೆಯದಾದ್ದರಿಂದ ಒಂದೇ ಕುಂದು, ನೆಲಕ್ಕೆ ಬಡಿದರೆ ಸದ್ದಾಗುತ್ತಿರಲಿಲ್ಲ. ನೀಲಿಯ ಮೇಲೆ ಕೆಮ್ಮಣ್ಣು ಮೆತ್ತಿದ್ದರೆ ಬಿದ್ದಿದೆ ಎಂದು ಅರ್ಥ.

ಆ ವರ್ಷ ಊರಲ್ಲಿ ಹೊಲಿಗೆ ಕೆಲಸ ಕಡಿಮೆಯಾಗಿ ನಿಮ್ಮ ಓಣಿಯವರು ಒಬ್ಬೊಬ್ಬರಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಿದ್ದರು. ನಿಮ್ಮವ್ವನೂ ಹೊರಡಲು ತಯಾರಾಗಿದ್ದಳು. ನೀನು ಅಜ್ಜಿಯ ಹತ್ತಿರ ಉಳಿದು ಓದುವುದು ಎಂದಾಗಿತ್ತು. "ನೀವದೀರಲ್ರಿ ಟೀಚರ್, ನನಗೇನ್ ಭಯ ಇಲ್ರಿ" ಅಂದಳು ಈರಮ್ಮ. "ನನ್ನ ಮಗಳಿದ್ದಂಗೆ ಕಣಮ್ಮ" ಅಂದೆ ನಾನು. ಎಷ್ಟು ಸಲೀಸಾಗಿ ಅಂದೆ!

ಮಂಡಲದ ಶಿಕ್ಷಣಾಧಿಕಾರಿಯ ಮುಂದೆ ಆಟ ತೋರಿಸುವ ದಿನ ಬಂತು. ಅವರು ಮೆಚ್ಚಿದರೆ ಸುತ್ತಲ ಶಾಲೆಗಳಿಗೆಲ್ಲ ನಾನೇ ಹೋಗಿ ಕಲಿಸುವುದು. ಆ ಆಸೆ ನನ್ನ ತಲೆಗೇರಿತ್ತು. ಪ್ರದರ್ಶನಕ್ಕೆಂದೇ ನಾನು ಆಟ ಕಲಿಸಿದ್ದ ಬೆಳುಗುಪ್ಪ ಶಾಲೆಯ ಮಕ್ಕಳ ಎದುರು ನಾವು ಸರಿಸಮ ಇದ್ದಾಗ, ಗೆರೆಯಾಚೆ ನೀನು ಬಗ್ಗಿ ತಟ್ಟೆ ಹಿಡಿದೆ. ಚಪ್ಪಾಳೆ, ಕೇಕೆ. ನೀನು ಕೈಯೆತ್ತಿದ್ದು ಆ ಗದ್ದಲದಲ್ಲಿ ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು. ನೀನು ನೇರ ನನ್ನ ಹತ್ತಿರ ಬಂದೆ.

"ನೆಲಕ್ಕ ಬಡದೈತ್ರಿ ಟೀಚರ್. ಅವರಿಗೆ ಹೇಳ್ರಿ."

ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. ತಟ್ಟೆ ಇಸಿದುಕೊಂಡು ಸೆರಗಿನಿಂದ ಒರೆಸಿ, "ಸುಮ್ನಿರು" ಅಂದೆ. ಗಡಿಬಿಡಿಯಲ್ಲಿ ಕೈ ತಾನಾಗಿ ಹೋಯಿತು ಎಂದು ಬರೆಯಬಹುದಿತ್ತು — ಇಲ್ಲ. ಗೊತ್ತಿದ್ದೇ ಒರೆಸಿದೆ.

ಬೆಳುಗುಪ್ಪದ ಹುಡುಗಿಯೊಬ್ಬಳು ಬಿಡಲಿಲ್ಲ, ಬಿದ್ದಿದ್ದನ್ನು ಕಂಡೆ ಎಂದು ಕೂಗಿದಳು. ಅಧಿಕಾರಿ ನಿನ್ನನ್ನು ಕರೆದು ತೆಲುಗಿನಲ್ಲಿ ಕೇಳಿದರು. ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ, ಬಡಿದಿದೆ ಅಂದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದರು.

"ಟೀಚರಿಗೆ ಹೇಳೀನ್ರಿ."

ಅವರು ನನ್ನತ್ತ ತಿರುಗಿದರು. "ಇಲ್ಲ ಸರ್, ಬಿದ್ದಿಲ್ಲ ಅಂತಾನೇ ಹೇಳಿದ್ಲು ನಂಗೆ" ಅಂದೆ.

ನೀನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಗುರುತೇ ಇಲ್ಲದವರನ್ನು ನೋಡಿದ ಹಾಗೆ ನನ್ನನ್ನು ನೋಡುತ್ತ ನಿಂತೆ.

ಗೆಲ್ಲುವ ಆಸೆಗೆ ಮಕ್ಕಳು ಹೀಗೆಲ್ಲ ಮಾಡುತ್ತವೆ ಎಂದು ಅಧಿಕಾರಿ ನಕ್ಕುಬಿಟ್ಟರು. ಆಟ ಅವರಿಗೆ ಹಿಡಿಸಿತು. ಮರುದಿನದಿಂದ ಕ್ಲಾಸಿನವರು ನಿನ್ನನ್ನು "ಸುಳ್ಳಿ ಹನುಮಕ್ಕ" ಅನ್ನತೊಡಗಿದರು. ನಾನು ಅಲ್ಲೇ ಕಾಪಿ ತಿದ್ದುತ್ತ ಕೂತಿದ್ದೆ, ತಲೆಯೆತ್ತಲಿಲ್ಲ. ಸುದ್ದಿ ಈರಮ್ಮನಿಗೂ ಮುಟ್ಟಿತು. ನಿನ್ನ ರಟ್ಟೆ ಹಿಡಿದು ಎಳೆದು ತಂದು, "ಟೀಚರ್ ಮಾರಿಗೆ ಮಸಿ ಬಳದಿಯಲ್ಲೇ, ಬೀಳು ಕಾಲಿಗೆ" ಅಂದಳು. ನೀನು ಬಿದ್ದೆ. "ಇರ್ಲಿ ಬಿಡಮ್ಮ, ಹುಡುಗಿ" ಅಂದೆ ನಾನು. ನಿನ್ನನ್ನು — ನಿನ್ನನ್ನು ನಾನು ಕ್ಷಮಿಸಿದೆ, ಹನುಮಕ್ಕ! ಇದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇನ್ನು ಈ ಶಾಲೆಯಲ್ಲಿ ಇರುವುದಿಲ್ಲ ಎಂದು ನೀನು ಹಟ ಹಿಡಿದೆಯಂತೆ. ಅವ್ವನ ಜೊತೆ ಬೆಂಗಳೂರಿಗೆ ಹೋದೆ. ಅಲ್ಲಿ ಮತ್ತೆ ಶಾಲೆಯ ಮುಖ ನೋಡಲಿಲ್ಲವೆಂದೂ, ಮೊದಲು ಮನೆಯಲ್ಲಿ ಹೊಲಿದ ಬಟ್ಟೆಗಳ ದಾರ ಕತ್ತರಿಸುತ್ತಿದ್ದು, ದೊಡ್ಡವಳಾದ ಮೇಲೆ ಗಾರ್ಮೆಂಟ್ಸು ಸೇರಿದೆಯೆಂದೂ ನಿನ್ನ ಅಜ್ಜಿಯಿಂದ ತಿಳಿಯಿತು. ನಾನೋ, ಬೊಮ್ಮನಹಾಳ್ ಕಡೆಯವರೆಗೂ ಊರೂರು ತಿರುಗಿ ಆ ಆಟ ಕಲಿಸಿದೆ. ಶಾಲು ಹೊದಿಸಿಕೊಂಡೆ.

ಹೋದ ತಿಂಗಳು ಈರಮ್ಮ ಊರಿಗೆ ಮರಳಿದಳೆಂದು ಕೇಳಿ ಅವಳ ಮನೆಗೆ ಹೋದೆ. ಕೈಚೀಲಗಳನ್ನು ಹೊಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ — ಕೆಮ್ಮಣ್ಣು, ಸೆರಗು, ಅಧಿಕಾರಿಗೆ ಹೇಳಿದ ಮಾತು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವಳು ಮಿಷನ್ ನಿಲ್ಲಿಸಿ, ಹೊಲಿಯುತ್ತಿದ್ದ ಚೀಲವನ್ನು ಪಕ್ಕಕ್ಕಿಟ್ಟಳು.

"ಅಕಿ ಆವತ್ತ ಸಂಜಿಗೇ ನನ್ ಮುಂದ ಹೇಳಿದ್ಲ್ರಿ ಟೀಚರ್, ಹಿಂಗಿಂಗ ಆತು ಅಂತ. ಟೀಚರ್ ಸುಳ್ಳು ಹೇಳ್ತಾರೇನ ಅಂತ ಬಾರಕೋಲಿನಿಂದ ಹೊಡದೆ. ಅವತ್ತಿಂದ ಅಕಿ ನನಗ ಏನೂ ಹೇಳಾಂಗಿಲ್ರಿ."

ನಿನ್ನ ಫೋನ್ ನಂಬರ್ ಕೇಳಿದೆ. "ಅಕೀನ ಕೇಳಿ ಕೊಡ್ತೀನ್ರಿ" ಅಂದಳು. ಕೇಳಿದಳಂತೆ. ನೀನು ಬೇಡ ಅಂದೆಯಂತೆ.