ಹಳೇ ಮಾಲೀಕರು ತಂದುಕೊಟ್ಟ ಪತ್ರ

2023ರ ಬೇಸಿಗೆ ರಜೆ ಆಗತಾನೇ ಶುರುವಾಗಿತ್ತು. ನಾನು ಅಳವಂಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅದಕ್ಕೆ ಮೂರು ತಿಂಗಳ ಮೊದಲು ಹೊಸಪೇಟೆಯ ವ್ಯಾಪಾರಿಯೊಬ್ಬರಿಂದ ಹಳೇ ಕಾರೊಂದನ್ನು ಕೊಂಡಿದ್ದೆವು. ನಮ್ಮ ಮನೆಯವರು ಹೊಲ ಬಿಟ್ಟು ಬರುವವರಲ್ಲ, ಹೀಗಾಗಿ ಡ್ರೈವಿಂಗ್ ಕಲಿತವಳು ನಾನೇ.

ಆ ಕಾರಿನಲ್ಲಿ ಮುಂದಿನ ಕನ್ನಡಿಯ ಮೇಲೆ ಒಂದು ಕೆಂಪು ಗುಂಡಿ ಇತ್ತು. ವ್ಯಾಪಾರಿ ಅದನ್ನು ತೋರಿಸಿ, "ಏನರ ಅವಘಡ ಆತು ಅಂದ್ರ ಇದನ್ನ ಒತ್ರಿ. ಗಾಡೀನ ಕಂಪನಿಯವರಿಗೆ ಫೋನ್ ಮಾಡತೈತಿ. ನೀವು ಎಲ್ಲಿದ್ದೀರಿ ಅನ್ನೋದನ್ನೂ ತಾನ ತಿಳಸತೈತಿ" ಎಂದಿದ್ದರು. ನಮ್ಮತ್ತೆಗೆ ಆ ಗುಂಡಿಯ ಮೇಲೆ ಎಲ್ಲಿಲ್ಲದ ಕುತೂಹಲ. "ನಾವು ಎಲ್ಲಿದೀವಿ ಅಂತ ಗಾಡಿಗೆ ಹೆಂಗ ಗೊತ್ತಾಗತೈತಬೇ?" ಎಂದು ಹತ್ತು ಸಲ ಕೇಳಿದ್ದರು. ಉಪಗ್ರಹ, ಸಿಮ್ಮು ಎಂದು ನಾನೂ ಏನೋ ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಗೊತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ನಮ್ಮ ಮನೆ ಮುಂದೆ ನಿಂತು ಕಾರಿನ ನಂಬರ್ ಪ್ಲೇಟನ್ನೇ ನೋಡುತ್ತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ನಾನು ಹೊರಗೆ ಬಂದೆ.

"ಈ ಗಾಡಿ ನಿಮ್ಮದೇನ್ರಿ?" ಎಂದರು.

"ಹೌದ್ರಿ, ಯಾಕ?"

"ಇದು ಮೊದಲ ನಂದಿತ್ರಿ."

ಮಾರಿದ ಗಾಡಿ ನೋಡಲು ಯಾರು ಸುಮ್ಮನೆ ಬರುತ್ತಾರೆ? ಏನೋ ತಕರಾರು ಇರಬೇಕು ಅನಿಸಿತು. "ಕಾಗದ ಎಲ್ಲಾ ನಮ್ಮ ಹೆಸರಿಗೆ ಆಗ್ಯಾವ್ರಿ" ಎಂದೆ, ಗೇಟಿನ ಚಿಲಕ ಬಿಡದೆ.

"ಅದಕ್ಕ ಬಂದಿಲ್ಲ ತಂಗಿ. ಒಂದು ಪತ್ರ ಐತಿ, ಅದನ್ನ ಕೊಡಬೇಕಾಗಿತ್ತು."

ಅವರ ಹೆಸರು ವಿರೂಪಾಕ್ಷಪ್ಪ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾಗಿ ಮುನಿರಾಬಾದಿನಲ್ಲಿ ಇರುವವರು. ಪತ್ರ ಕಾರಿನ ಕಂಪನಿಯದು. ತುರ್ತು ಕರೆಯ ಸಾಫ್ಟ್‌ವೇರಿನಲ್ಲಿ ದೋಷ ಸಿಕ್ಕಿದೆ, ಕೆಲವೊಮ್ಮೆ ಕಾರು ಈಗಿರುವ ಜಾಗದ ಬದಲು ಹಿಂದೆ ಇದ್ದ ಜಾಗವನ್ನು ತಿಳಿಸಬಹುದು, ಸರ್ವಿಸ್ ಸೆಂಟರಿಗೆ ತಂದರೆ ಪುಕ್ಕಟೆಯಾಗಿ ಸರಿಪಡಿಸುತ್ತೇವೆ ಎಂದಿತ್ತು. ಕಂಪನಿಯ ದಾಖಲೆಯಲ್ಲಿ ಇನ್ನೂ ಮೊದಲು ಕೊಂಡವರ ಹೆಸರೇ ಇದ್ದುದರಿಂದ ಪತ್ರ ಅವರಿಗೆ ಹೋಗಿತ್ತು. ವ್ಯಾಪಾರಿಗೆ ಫೋನ್ ಮಾಡಿದರೆ, "ಅಳವಂಡಿ ಕಡೆ ಯಾರೋ ಟೀಚರು ಒಯ್ದಾರ" ಎಂದಷ್ಟೇ ಹೇಳಿದರಂತೆ. ಅಷ್ಟನ್ನೇ ಹಿಡಿದುಕೊಂಡು ಕೊಪ್ಪಳದಲ್ಲಿ ಬಸ್ ಬದಲಿಸಿ ನಮ್ಮೂರಿಗೆ ಬಂದು, ಶಾಲೆಗೆ ರಜೆ ಇದ್ದ ಕಾರಣ ಚಹಾದಂಗಡಿಯಲ್ಲಿ ವಿಚಾರಿಸಿ ಮನೆ ಹುಡುಕಿದ್ದರು.

ನಾನು ಪತ್ರ ಇಸಿದುಕೊಂಡೆ. ಒಳಗೆ ಬರ್ರಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಹೊರಟವರು ತಿರುಗಿ ನಿಂತು ಹೇಳಿದರು: "ರಿಪೇರಿ ಆಗೋತನಕ ಆ ಗುಂಡಿ ನಂಬಬ್ಯಾಡ್ರಿ. ಒತ್ತೋ ಪ್ರಸಂಗ ಬಂದ್ರ, ನಾ ಎಲ್ಲಿದೀನಿ ಅಂತ ನಿಮಗ ಕಾಣಾಕತ್ತೈತಿ ಅಂತ ಮೊದಲ ಅವರನ್ನ ಕೇಳ್ರಿ."

ಸಂಜೆ ಮನೆಯವರು ಪತ್ರ ನೋಡಿ, "ಗಾಡಿ ಓಡತೈತಿ, ಬ್ರೇಕ್ ಹಿಡೀತೈತಿ. ಇನ್ನೇನು ಬೇಕು?" ಎಂದರು. ನನಗೆ ಮಾತ್ರ ಆ ಹಿರಿಯರ ಮುಖ ಕಣ್ಣಿಗೆ ಕಟ್ಟಿತ್ತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಹನ್ನೆರಡು ದಿನದ ನಂತರ ಬರಲು ಹೇಳಿದರು.

ಅದರೊಳಗೇ, ಎಂಟನೆಯ ದಿನ, ಅತ್ತೆಯನ್ನು ಕರೆದುಕೊಂಡು ಹುಲಿಹೈದರದ ಕಡೆ ನಾದಿನಿಯ ಮನೆಗೆ ಹೊರಟೆ. ಗಂಗಾವತಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಕೊಂಡೆವು. ಕನಕಗಿರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮಧ್ಯಾಹ್ನ ಮೂರು ಗಂಟೆ ಇರಬೇಕು. ಒಂದು ತಿರುವಿನಲ್ಲಿ ಕುರಿ ಹಿಂಡು ರಸ್ತೆ ತುಂಬ ನಿಂತಿತ್ತು. ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದೆ. ಡಾಂಬರು ಬಿಟ್ಟಿಳಿದ ಗಾಲಿಗಳು ಗರಸು ಮಣ್ಣಿನ ಮೇಲೆ ಜಾರಿ, ಕಾರು ಮೂತಿ ಕೆಳಗಾಗಿ ತಗ್ಗಿಗೆ ಬಿತ್ತು.

ನನಗೆ ಹಣೆಗೆ ಪೆಟ್ಟಾಗಿತ್ತು, ಎಚ್ಚರವಿತ್ತು. ಪಕ್ಕದಲ್ಲಿ ಅತ್ತೆ ಎದೆ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ಮೊಬೈಲ್ ತೆಗೆದರೆ ಒಂದು ಗೆರೆಯೂ ಸಿಗ್ನಲ್ ಇಲ್ಲ. ಕೈ ತಾನಾಗಿ ಆ ಕೆಂಪು ಗುಂಡಿಗೆ ಹೋಯಿತು.

ಗಾಡಿಯ ಸಿಮ್ಮು ಬೇರೆ ನೆಟ್‌ವರ್ಕಿನದಿರಬೇಕು, ಎರಡು ಸಲ ರಿಂಗಾಗಿ ಹೆಣ್ಣುಮಗಳೊಬ್ಬಳ ಧ್ವನಿ ಬಂತು. "ಮೇಡಂ, ಹೆದರಬೇಡಿ. ನಿಮ್ಮ ಲೊಕೇಶನ್ ನಮಗೆ ಸಿಕ್ಕಿದೆ. ಆಂಬುಲೆನ್ಸ್ ಕಳಿಸ್ತಾ ಇದ್ದೇವೆ, ಲೈನ್‌ನಲ್ಲೇ ಇರಿ."

ಜೀವ ಬಂದಂತಾಯಿತು. ಸೀಟಿಗೆ ತಲೆ ಆನಿಸಿದೆ. ಆಗ ಹಿರಿಯರ ಮಾತು ನೆನಪಾಯಿತು.

"ನಾವು ಎಲ್ಲಿದೀವಿ ಅಂತ ನಿಮಗ ಕಾಣಾಕತ್ತೈತ್ರಿ?"

"ಗಂಗಾವತಿ ಮೇಡಂ. ಊರೊಳಗೇ ಇದ್ದೀರಿ."

ನಾವು ಬಾಳೆಹಣ್ಣು ಕೊಂಡಲ್ಲೇ ಕಾರು ಇನ್ನೂ ನಿಂತಿದೆ ಎಂದುಕೊಂಡಿತ್ತು ಆ ಯಂತ್ರ. "ಅಲ್ಲಿಲ್ರಿ, ಅಲ್ಲಿಗೆ ಕಳಸಬ್ಯಾಡ್ರಿ. ನಿಮ್ಮ ಮಷೀನ್ ತಪ್ಪು ತೋರಸಾಕತ್ತೈತಿ" ಎಂದೆ. ಆಕೆ "ಹಾಗಾದರೆ ಸರಿಯಾಗಿ ಎಲ್ಲಿ ಮೇಡಂ?" ಎಂದಳು. ಕನಕಗಿರಿ ದಾಟಿದ್ದೇವೆ ಎಂಬುದು ಬಿಟ್ಟರೆ ಸರಿಯಾದ ಜಾಗ ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕುರಿ ಕಾಯುವವನೊಬ್ಬ ಓಡಿ ಬಂದು ಬಾಗಿಲು ಎಳೆದು ತೆಗೆದಿದ್ದ. "ಅಣ್ಣಾ, ಇದು ಯಾವ ಜಾಗ ಅಂತ ಸ್ವಲ್ಪ ಹೇಳ್ರಿ" ಎಂದೆ.

"ಯಾರಿಗ್ರಿ?"

"ಈ ಗಾಡಿಗೆ."

ಆತ ನನ್ನ ಮುಖ ನೋಡಿದ. ತಲೆಗೆ ಪೆಟ್ಟಾಗಿ ಹೀಗೆ ಮಾತಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಕಾರಿನೊಳಗಿಂದ "ಹೇಳಿ ಸರ್, ಕೇಳಿಸ್ತಾ ಇದೆ" ಎಂದು ಧ್ವನಿ ಬಂದಾಗ ಬೆಚ್ಚಿದ. ಆಮೇಲೆ ಒಳಗೆ ತಲೆ ತೂರಿಸಿ ದೊಡ್ಡ ದನಿಯಲ್ಲಿ ಹೇಳಿದ: "ಕನಕಗಿರಿಯಿಂದ ಹುಲಿಹೈದರದ ದಾರಿ ಹಿಡೀರಿ. ಎಡಕ್ಕ ಒಂದು ಬತ್ತಿದ ಕೆರಿ ಐತಿ. ಅದನ್ನ ದಾಟಿ ಎರಡನೇ ತಿರುವು. ನಾ ರಸ್ತಿ ಮ್ಯಾಲ ಕಂಬಳಿ ಬೀಸಿಕೋತ ನಿಂದರತೀನಿ."

ಹಾಗೇ ನಿಂತ. ಅರ್ಧ ತಾಸಿನೊಳಗೆ ಕನಕಗಿರಿ ಕಡೆಯಿಂದ ಆಂಬುಲೆನ್ಸ್ ಬಂತು. ಅತ್ತೆಯ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು.

ಕಾರಿನ ಮೂತಿ ಸರಿಮಾಡಲು ವಾರಗಟ್ಟಲೆ ಹಿಡಿಯಿತು. ಸಾಫ್ಟ್‌ವೇರ್ ಹಾಕುವುದನ್ನು ನೋಡಬೇಕೆಂದು ಆ ದಿನ ನಾನೇ ಹೋಗಿ ಕುಳಿತೆ. ಒಂದು ಸ್ಕ್ರೂ ಬಿಚ್ಚಲಿಲ್ಲ, ಕೈಗೆ ಎಣ್ಣೆ ಹತ್ತಲಿಲ್ಲ. ಲ್ಯಾಪ್‌ಟಾಪಿನಿಂದ ಒಂದು ವೈರು ಸಿಕ್ಕಿಸಿ ಮುಕ್ಕಾಲು ತಾಸು ಕಾದರು, ಅಷ್ಟೇ. "ನೆಟ್‌ವರ್ಕ್ ಹೋಗಿ ಮತ್ತ ಬಂದಾಗ ಹಳೇ ಜಾಗಾನ ಹಿಡಕೊಂಡು ಕುಂದರತಿತ್ರಿ" ಎಂದು ಮೆಕ್ಯಾನಿಕ್ ವಿವರಿಸಿದರು.

"ಇಂಥ ಗಾಡಿ ಎಲ್ಲಾ ಬಂದು ಹೋದವೇನ್ರಿ?"

"ಪತ್ರ ಸಿಕ್ಕವರು ಬಂದಾರ್ರಿ. ಗಾಡಿ ಮಾರಿಬಿಟ್ಟವರದು ನಮಗೇನು ಗೊತ್ತಾಗತೈತಿ?"

ಅತ್ತೆ ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಮುನಿರಾಬಾದಿಗೆ ಹೋದೆವು. ವಿರೂಪಾಕ್ಷಪ್ಪನವರಿಗೆ ನಮ್ಮ ಕೃತಜ್ಞತೆಗಿಂತ ನಡೆದದ್ದನ್ನು ತಿಳಿಯುವ ಆಸೆಯೇ ಹೆಚ್ಚಿತ್ತು. ಫೋನಿನಲ್ಲಿ ಆ ಹುಡುಗಿ ಏನಂದಳು, ಎಷ್ಟು ಹೊತ್ತಿಗೆ ಆಂಬುಲೆನ್ಸ್ ಬಂತು ಎಂದು ಒಂದೊಂದನ್ನೂ ಕೆದಕಿ ಕೇಳಿದರು. ಅತ್ತೆ ತಡೆಯಲಾರದೆ, "ನೀವು ನಮಗ ಸಂಬಂಧ ಅಲ್ಲ, ಪರಿಚಯ ಅಲ್ಲ. ಅಷ್ಟು ದೂರ ಯಾಕ ಬಂದ್ರಿ?" ಎಂದರು.

ಅವರು ಹೇಳಿದರು: "ಡ್ಯಾಮಿನಿಂದ ನದಿಗಿ ನೀರು ಬಿಡೋ ಮೊದಲು ಸೈರನ್ ಹಾಕೋ ಕೆಲಸ ಮಾಡಿದಂವ ನಾನು. ಸೈರನ್ ಇಲ್ಲದಿದ್ರ ಮಂದಿ ತಾವ ನೋಡಿ ನದಿಗಿ ಇಳೀತಾರ್ರಿ. ಕೆಟ್ಟ ಸೈರನ್ ಇದ್ರ, ಕೂಗಲಿಲ್ಲಲ್ಲ ಅಂತ ನಂಬಿ ಇಳೀತಾರ. ಪತ್ರ ಓದಿದ ಮ್ಯಾಲ ನನಗ ಸುಮ್ಮನ ಕುಂದ್ರಾಕ ಆಗಲಿಲ್ಲ."

ಗೇಟಿನಿಂದಲೇ ಕಳಿಸಿದ್ದಕ್ಕೆ ಕ್ಷಮೆ ಕೇಳಿದೆ. "ಪತ್ರ ಇಸಗೊಂಡ್ರಲ್ಲ, ಸಾಕು" ಎಂದರು.

ಈಗಲೂ ಆ ಮಾದರಿಯ ಕಾರು ಕಂಡರೆ, ಇವರಿಗೆ ಪತ್ರ ಮುಟ್ಟಿದೆಯೋ ಇಲ್ಲವೋ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹೋದ ವರ್ಷ ಕುಷ್ಟಗಿ ಬಸ್ ನಿಲ್ದಾಣದ ಹತ್ತಿರ ಅಂಥದೇ ಒಂದು ಕಾರು ನಿಂತಿತ್ತು, ಒಳಗೆ ಗಂಡ ಹೆಂಡತಿ ಕುಳಿತಿದ್ದರು. ಹೋಗಿ, "ಈ ಗಾಡಿ ನೀವು ಹೊಸಾದು ತಗೊಂಡದ್ದೋ, ಹಳೇದೋ?" ಎಂದು ಕೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಾಜು ಏರಿಸಿಕೊಂಡ.

ನಾನು ಕದಲಲಿಲ್ಲ. ಗಾಜು ಇಳಿಯುವತನಕ ಬಿಸಿಲಲ್ಲಿ ಹಾಗೇ ನಿಂತಿದ್ದೆ.