ಬ್ಯಾಟರಿ ಅಪ್‌ಡೇಟ್ ಆಗುವ ತನಕ

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ, ಮಹಾಲಿಂಗಪುರ ದಾಟಿ ಮುಧೋಳದ ಕಡೆ ಹೊರಟಿದ್ದ ನನ್ನ ಎಲೆಕ್ಟ್ರಿಕ್ ಕಾರು, ಮೂವತ್ತೊಂದು ಪರ್ಸೆಂಟ್ ಚಾರ್ಜ್ ಇದೆಯೆಂದು ತೋರಿಸುತ್ತಲೇ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹಾರ್ನ್ ಮೇಲಿಂದ ಕೈ ತೆಗೆಯದ ಬಸ್ಸು. ಪಕ್ಕದಲ್ಲಿದ್ದ ಹೆಂಡತಿ ಸೀಟಿನ ಅಂಚು ಬಿಗಿಯಾಗಿ ಹಿಡಿದು, "ಏನಾತ್ರೀ?" ಎಂದಳು. ನನಗೇನು ಗೊತ್ತು? ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದೆ. ಟ್ರ್ಯಾಕ್ಟರಿನವರು ಇಳಿದು ಬಂದು, ನಗುತ್ತಲೇ ಗಾಡಿಯನ್ನು ಬದಿಗೆ ತಳ್ಳಿಕೊಟ್ಟರು.

ನಾವು ಹೊರಟಿದ್ದದ್ದು ಬೀಳಗಿಗೆ, ನನ್ನ ಹೆಂಡತಿಯ ಅಕ್ಕನನ್ನು ನೋಡಲು. ತಾಯಿ ತೀರಿಹೋದ ಮೇಲೆ ಹೆಂಡತಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಸಾಲಿಗೆ ಕಳಿಸಿ, ಕಡೆಗೆ ನನಗೆ ಕೊಟ್ಟು ಮದುವೆ ಮಾಡಿದವಳು ಆ ಅಕ್ಕ. ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಾಯಿ ಮಾತ್ರ ಗಟ್ಟಿಯಾಗಿತ್ತು. ಅಂದು ನಾವು ಬೀಳಗಿ ಮುಟ್ಟಲಿಲ್ಲ. ಸಂಜೆಗೆ ಒಂದು ಲಾರಿ ಬಂದು ಕಾರನ್ನು ಹೇರಿಕೊಂಡಿತು, ನಾವಿಬ್ಬರೂ ಡ್ರೈವರ್ ಪಕ್ಕ ಕೂತು ನಮ್ಮೂರು ಬನಹಟ್ಟಿಗೆ ವಾಪಸಾದೆವು.

ಮರುದಿನ ಅಕ್ಕ ಫೋನ್ ಮಾಡಿದಳು. ನಮ್ಮದು ಮಗ್ಗದ ಮನೆ. ಒಳಗೆ ಎಂಟು ಪವರ್‌ಲೂಮು ಬಡಿಯುವಾಗ ಫೋನಿನಲ್ಲಿ ಮಾತಾಡುವುದೆಂದರೆ ಒದರುವುದು. ಅಟ್ಟ ಹತ್ತಿದರೂ ಅಷ್ಟೇ, ನೆಲವೇ ನಡುಗುತ್ತಿರುತ್ತದೆ. ಹೆಂಡತಿ ಸ್ಪೀಕರ್ ಹಾಕಿ, ಒಂದು ಕಿವಿಗೆ ಬೆರಳಿಟ್ಟುಕೊಂಡು, "ಏನಕ್ಕಾ, ಹೇಳ" ಎಂದಳು.

"ನಿನಗ ಒಂದು ಮಾತು ಹೇಳೂದೈತಿ ತಂಗಿ. ನೀ ಬಂದ ಮ್ಯಾಲ ಹೇಳ್ತೇನಿ."

"ಈಗ್ಲೇ ಹೇಳ ಅಕ್ಕಾ."

"ನಿಮ್ಮ ಮನ್ಯಾಗ ಒದರಿ ಹೇಳಬೇಕು. ಇದು ಒದರಿ ಹೇಳೂ ಮಾತಲ್ಲ. ಬಾಜೂಕ ಕುಂತು ಹೇಳೂದು. ನೀ ಬಾ."

ಅಂದಿನಿಂದ ಹೆಂಡತಿಯ ತಲೆಯಲ್ಲಿ ಅದೊಂದೇ. ರೊಟ್ಟಿ ಬಡಿಯುತ್ತ, "ಏನಿರಬಹುದರೀ?" ಎನ್ನುತ್ತಿದ್ದಳು. ಅವ್ವನ ಬಗ್ಗೆ ಏನೋ ಇರಬೇಕು, ಇಲ್ಲವೆ ಅಕ್ಕನ ಮಗಳ ಬಗ್ಗೆ ಎಂದು ತಾನೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಿದ್ದಳು. ಎರಡನೆಯ ದಿನ, "ಬಸ್ಸಿಗೆ ಹೋಗಿ ಬರ್ತೇನ್ರಿ" ಎಂದಳು.

ಬೇಡ ಎಂದವನು ನಾನು. ಅದಕ್ಕೆ ಕಾರಣ ನನ್ನ ಷಡ್ಡಕ, ಅಕ್ಕನ ಗಂಡ. ಹತ್ತಾರು ಎಕರೆ ಕಬ್ಬಿನ ಒಡೆಯ. ನಾನು ಈ ಕಾರು ಕೊಂಡ ದಿನವೇ ಮೂಗು ಮುರಿದು, "ನೇಕಾರ ಮಂದಿ ಕರೆಂಟಿನ ಮಗ್ಗಾ ನಡೆಸಿ ನಡೆಸಿ ಕರೆಂಟಿನ ಗಾಡಿನೂ ತಂದ್ರು. ನಿಂತ್ರ ಎಳ್ಯಾಕ ನಮ್ಮ ಟ್ರ್ಯಾಕ್ಟರ್ ಕಳಸ್ತೇನಿ ಬಿಡ್ರಿ" ಎಂದಿದ್ದರು. ಅವರ ಅಂಗಳದಲ್ಲಿ ನನ್ನ ಹೆಂಡತಿ ಬಸ್ಸಿಳಿದು, ಚೀಲ ಹೊತ್ತುಕೊಂಡು ನಿಲ್ಲುವುದನ್ನು ನೆನೆದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮನಿ ಮುಂದ ಕಾರ್ ಇಟ್ಕೊಂಡು ಬಸ್ಸಿಗೆ ಹೋಗ್ತಿ? ಬ್ಯಾಟರಿ ಅಪ್‌ಡೇಟ್ ಆಗಲಿ, ಅದರಾಗ ಹೋಗೂಣು."

ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳೆಂದೇ ನಾನು ಲೆಕ್ಕ ಹಿಡಿಯುತ್ತ ಬಂದವನು.

ಕಾರು ಕೊಂಡ ಮುಧೋಳದ ಶೋರೂಮಿಗೆ ಆಗಲೇ ಫೋನ್ ಹಚ್ಚಿ ಕೇಳಿದ್ದೆ. ಬ್ಯಾಟರಿಯೊಳಗೆ ಚಾರ್ಜಿನ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್ ಇರುತ್ತದಂತೆ. ಅದು ಹಳತಾಗಿ ಲೆಕ್ಕ ತಪ್ಪುತ್ತಿದೆಯಂತೆ. ಹೊಸದನ್ನು ಹಾಕಿದರೆ ಸರಿಹೋಗುತ್ತದಂತೆ. "ಹಾಕಿಕೊಡ್ರಿ" ಎಂದೆ. "ನಾವು ಬರೇ ಮಾರ್ತೇವ್ರಿ, ಜಮಖಂಡಿ ಸರ್ವಿಸ್ ಸೆಂಟರಿಗೆ ಹೋಗ್ರಿ" ಎಂದರು. ಮಾರುವಾಗ ಚಹಾ, ಫೋಟೋ, ಶಾಲು ಎಲ್ಲ ಆಗಿದ್ದವು. ಈಗ ಫೋನ್ ಇಡುವ ಅವಸರ.

ಜಮಖಂಡಿಗೆ ಅರವತ್ತು ಪರ್ಸೆಂಟಿನ ಮೇಲೆ ಇಟ್ಟುಕೊಂಡೇ ನಿಧಾನ ಓಡಿಸಿಕೊಂಡು ಹೋದೆ. ಕಣ್ಣು ರಸ್ತೆಯ ಮೇಲಿಗಿಂತ ಆ ಅಂಕಿಯ ಮೇಲೆಯೇ ಜಾಸ್ತಿ. ಅಲ್ಲಿ ನೋಡಿದರೆ ಅಪ್‌ಡೇಟ್ ಹಾಕುವ ಲ್ಯಾಪ್‌ಟಾಪು, ಅದನ್ನು ಹಿಡಿದು ಬರುವ ಮೆಕ್ಯಾನಿಕ್, ಎರಡೂ ಬೇರೆ ಊರಿನವು. ವಾರಕ್ಕೊಮ್ಮೆ ಗುರುವಾರ ಮಾತ್ರ ಬರುವುದು. ನಾನು ಹೋದದ್ದು ಶುಕ್ರವಾರ. ಮುಂದಿನ ಗುರುವಾರ ಹೋದಾಗ ಮೆಕ್ಯಾನಿಕ್ ಬಂದಿದ್ದ, ಆದರೆ ಕಂಪನಿಯ ಸರ್ವರ್ ಬಂದಿರಲಿಲ್ಲ. ಸರ್ವರ್ ಎಂದರೆ ಯಾರೋ ಮನುಷ್ಯ ಎಂದುಕೊಂಡು, ಅವನ ನಂಬರ್ ಕೊಡು, ನಾನೇ ಮಾತಾಡುತ್ತೇನೆ ಎಂದು ಜಗಳಕ್ಕೆ ನಿಂತೆ. ಅಲ್ಲಿದ್ದವರು ಮುಖ ಆಚೆ ತಿರುಗಿಸಿ ನಕ್ಕರು. ಸಂಜೆಯ ತನಕ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಶತಪಥ ಹಾಕಿ, ಬರಿಗೈಲಿ ಮನೆಗೆ ಬಂದೆ. ಅದರ ಮುಂದಿನ ಗುರುವಾರ ಮೆಕ್ಯಾನಿಕ್ಕೇ ಬರಲಿಲ್ಲ.

ಪ್ರತಿ ಸಲ ಬಂದಾಗಲೂ ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಅವಳು ಕೇಳದಿದ್ದಷ್ಟೂ ನಾನು ರೇಗುತ್ತಿದ್ದೆ. ಮಗ್ಗಕ್ಕೆ ಬಂದ ಆಳುಗಳ ಮೇಲೆ, ಬೀದಿಯ ನಾಯಿಯ ಮೇಲೆ, ಕಡೆಗೆ ಊಟದ ತಾಟಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಮೊಬೈಲಿನಲ್ಲಿ ಕಾರಿನ ಆ್ಯಪ್ ತೆಗೆದು, ನಿಂತ ಗಾಡಿಯ ಚಾರ್ಜ್ ಎಷ್ಟಿದೆ ಎಂದು ಗಂಟೆಗೊಮ್ಮೆ ನೋಡುವ ಚಟವೂ ಅಂಟಿತು. ಅಕ್ಕನ ಫೋನು ದಿನ ಬಿಟ್ಟು ದಿನ ಬರುತ್ತಿತ್ತು. "ಯಾವಾಗ ಬರ್ತಿ?" ಎಂಬ ಪ್ರಶ್ನೆಗೆ ಹೆಂಡತಿ ನನ್ನತ್ತ ನೋಡುತ್ತ, "ಗುರುವಾರ ಅಕ್ಕಾ" ಎನ್ನುತ್ತಿದ್ದಳು. ಇನ್ನೊಮ್ಮೆ ಬಸ್ಸಿನ ಮಾತು ತೆಗೆದಳು. ಇಷ್ಟು ದಿನ ಕಾದವಳಿಗೆ ಇನ್ನೆರಡು ದಿನ ಭಾರವೇ ಎಂದು ನಾನೇ ದಬಾಯಿಸಿದೆ.

ಮೂರನೆಯ ಗುರುವಾರ ಅವಳನ್ನೂ ಕರೆದುಕೊಂಡು ಜಮಖಂಡಿಗೆ ಹೋದೆ. ಅಪ್‌ಡೇಟ್ ಮುಗಿದ ಕೂಡಲೇ ಅಲ್ಲಿಂದಲೇ ಬೀಳಗಿಗೆ ಎಂದು ತೀರ್ಮಾನಿಸಿದ್ದೆವು. ಅವಳು ಚೀಲದಲ್ಲಿ ಅಕ್ಕನಿಗೆಂದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ನಮ್ಮ ಮಗ್ಗದಲ್ಲೇ ನೇಯ್ದ ಮೆತ್ತನೆಯ ಹತ್ತಿ ಸೀರೆ ಇಟ್ಟುಕೊಂಡು, ಕಾಯುವ ಕೋಣೆಯಲ್ಲಿ ಟಿವಿಯ ಕೆಳಗೆ ಕೂತಳು. ನಾನು ಒಳಗೆ ಶೆಡ್ಡಿನಲ್ಲಿ, ಕಾರಿನ ಪಕ್ಕ.

ಮೆಕ್ಯಾನಿಕ್ ಬಾನೆಟ್ ತೆರೆದು, ಒಳಗಿನ ಸಣ್ಣ ಬ್ಯಾಟರಿಗೆ ಒಂದು ಚಾರ್ಜರ್ ಸಿಕ್ಕಿಸಿ ಅದರ ವಾಯರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ. ಸ್ಟೇರಿಂಗಿನ ಕೆಳಗಿನಿಂದ ಇನ್ನೊಂದು ವಾಯರು ಲ್ಯಾಪ್‌ಟಾಪಿಗೆ. "ಒಂದೂವರಿ ತಾಸು ಹಿಡೀತೈತ್ರಿ ಕಾಕಾ. ನಡುವ ಕರೆಂಟ್ ಹೋಗಬಾರದು. ಏನೂ ಮುಟ್ಟಬ್ಯಾಡ್ರಿ, ಅಷ್ಟ" ಎಂದ. ಮುಟ್ಟಲು ನಾನೇನು ಸಣ್ಣ ಹುಡುಗನೇ ಎಂದೆ.

ಕಾರಿನ ಮುಂಭಾಗದಲ್ಲಿ ಫ್ಯಾನು ಸುಯ್ಯೆಂದು ತಿರುಗುತ್ತಿತ್ತು. ಲ್ಯಾಪ್‌ಟಾಪಿನ ಮೇಲೆ ಹಸಿರು ಪಟ್ಟಿ ಇಂಚಿಂಚಾಗಿ ಮುಂದೆ ಸರಿಯುತ್ತಿತ್ತು. ಹದಿನೆಂಟು. ಇಪ್ಪತ್ತಾರು. ನಾನು ಕೂತೆ, ಎದ್ದೆ, ಕಾರನ್ನು ಒಂದು ಸುತ್ತು ಹಾಕಿದೆ, ಹೆಂಡತಿಗೆ ಹೋಗಿ "ನಲವತ್ತಾತು" ಎಂದು ಹೇಳಿ ಬಂದೆ. ಅರವತ್ತಾದಾಗ ಮತ್ತೆ ಹೋಗಿ ಹೇಳಿದೆ. ಆ ಸಲ ಅವಳು ಸ್ವಲ್ಪ ನಕ್ಕಳು. ಎಪ್ಪತ್ತಾದ ಮೇಲೆ ಮೆಕ್ಯಾನಿಕ್ ಪಕ್ಕದ ಗಾಡಿಯ ಕೆಳಗೆ ಏನೋ ನೋಡಲು ಹೋದ.

ಎಪ್ಪತ್ತೆರಡಕ್ಕೆ ಫ್ಯಾನು ಗಪ್ಪನೆ ನಿಂತಿತು.

ಇದನ್ನು ನೇಕಾರನಲ್ಲದವರಿಗೆ ಹೇಗೆ ತಿಳಿಸಲಿ? ಮಗ್ಗ ಬಡಿಯುತ್ತಿರುವವರೆಗೂ ನಮಗೆ ಆ ಸದ್ದು ಕೇಳಿಸುವುದೇ ಇಲ್ಲ. ಕೇಳಿಸುವುದು ಸದ್ದು ಬದಲಾದಾಗ. ಎಳೆ ಕಡಿದಿದೆ, ಲಾಳಿ ಸಿಕ್ಕಿಕೊಂಡಿದೆ ಎಂದು ತಲೆಗೆ ಹೊಳೆಯುವ ಮೊದಲೇ ಕೈ ಹೋಗಿ ಬಟನ್ ಆರಿಸಿರುತ್ತದೆ. ಒಂದು ಕ್ಷಣ ತಡವಾದರೆ ಗೇಣುದ್ದ ಸೀರೆ ಹಾಳು. ಮೂವತ್ತು ವರ್ಷ ಆ ಕೈಗೆ ನಾನು ಕಲಿಸಿದ್ದು ಅದೊಂದೇ. ಊಟ ಮಾಡುತ್ತಿದ್ದರೂ, ನಿದ್ದೆಗಣ್ಣಲ್ಲಿದ್ದರೂ ಆ ಕೈ ತಪ್ಪಿಲ್ಲ. ಅಂದೂ ತಪ್ಪಲಿಲ್ಲ. ಫ್ಯಾನು ನಿಂತದ್ದೇ ತಡ, ನನ್ನ ಕೈ ಗೋಡೆಗೆ ಹೋಗಿ ಚಾರ್ಜರಿನ ಬಟನ್ ಆರಿಸಿತ್ತು.

ಕಾರಿನೊಳಗಿನ ದೀಪ ಒಮ್ಮೆ ಮಿಣುಕಿ ಆರಿತು. ಹಸಿರು ಪಟ್ಟಿ ಕೆಂಪಾಯಿತು. ಮೆಕ್ಯಾನಿಕ್ ಗಾಡಿಯ ಕೆಳಗಿನಿಂದ ಎದ್ದು ಬಂದ.

"ಬಟನ್ ಯಾರು ಬಂದ್ ಮಾಡಿದ್ರಿ?"

"ನಾನಪಾ. ಫ್ಯಾನ್ ನಿಂತ್ಹೋತು, ಏನರ ಕೆಟ್ಟೈತಿ ಅಂತ…"

"ಅದು ತಾನ ನಿಲ್ತೈತ್ರಿ ಕಾಕಾ! ಹಳೇದು ಬಂದ್ ಆಗಿ ಹೊಸದು ಚಾಲೂ ಆಗೂ ಮುಂದ ಎರಡು ನಿಮಿಷ ಎಲ್ಲಾ ನಿಲ್ತೈತಿ. ಅದಕ್ಕ ಮುಟ್ಟಬ್ಯಾಡ್ರಿ ಅಂದಿದ್ದೆ." ಅವನು ತಲೆಯ ಮೇಲೆ ಕೈ ಹೊತ್ತುಕೊಂಡ. ಹಳೆಯದೂ ಇಲ್ಲ, ಹೊಸದೂ ಇಲ್ಲ; ಕಂಪನಿಯಿಂದ ಬೇರೆ ಭಾಗ ತರಿಸಿ ಕೂರಿಸಬೇಕು, ನಾಲ್ಕು ದಿನವಾದರೂ ಬೇಕು ಎಂದ.

ಕಾಯುವ ಕೋಣೆಗೆ ಹೋಗಿ ಹೆಂಡತಿಯ ಎದುರು ನಿಂತೆ. ಹೇಳಿದೆ. ಅವಳು ಬಯ್ಯಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಎದ್ದಳು.

"ಎಲ್ಲಿ ಹೊಂಟಿ?"

"ಬಸ್‌ಸ್ಟ್ಯಾಂಡಿಗೆ."

"ತಡಿ, ನಾನೂ ಬರ್ತೇನಿ. ಇಲ್ಲಿ ಒಂದೀಟು ಸಹಿ ಮಾಡೂದೈತಿ…"

"ನೀವು ಗಾಡಿ ನೋಡ್ಕೋರಿ" ಎಂದು ಅವಳು ಹೊರಗೆ ನಿಂತಿದ್ದ ಆಟೋ ಹತ್ತಿದಳು. ನಾನು ಸಹಿ ಮಾಡಲು ಉಳಿದೆ. ಖರೆ ಹೇಳಬೇಕೆಂದರೆ ಸಹಿ ಒಂದು ನೆಪ. ಷಡ್ಡಕರ ಅಂಗಳದಲ್ಲಿ ಬಸ್ಸಿಳಿದು ನಿಲ್ಲಲು ನನಗೆ ಇನ್ನೂ ಮನಸ್ಸಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅವಳ ಫೋನ್ ಬಂತು. ಅಕ್ಕ ಬೆಳಿಗ್ಗೆ ಎದ್ದಾಗ ಸರಿಯಾಗಿಯೇ ಇದ್ದಳಂತೆ. ಇವತ್ತು ತಂಗಿ ಬರುತ್ತಾಳೆ ಎಂದು ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದಳಂತೆ. ಮಧ್ಯಾಹ್ನ ಇನ್ನೊಮ್ಮೆ ಲಕ್ವ ಹೊಡೆಯಿತು. ಹೆಂಡತಿ ಹೋಗಿ ಮುಟ್ಟುವಾಗ ಅಕ್ಕನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ಯಲು ಗಾಡಿಗೆ ಏರಿಸುತ್ತಿದ್ದರು. ಇವಳೂ ಹಾಗೆಯೇ ಅದನ್ನು ಹತ್ತಿದ್ದಳು. "ನಾನೂ ಬರ್ತೇನಿ" ಎಂದೆ. "ಬ್ಯಾಡ್ರಿ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೋಗುತ್ತಿದ್ದೆ.

ಆ ನಾಲ್ಕು ದಿನ ನಾನು ಮನೆಯಲ್ಲಿ ಹೇಗಿದ್ದೆನೋ ದೇವರಿಗೇ ಗೊತ್ತು. ಎಂಟೂ ಮಗ್ಗ ನಡೆಯುತ್ತಿದ್ದರೂ ನನಗೆ ಒಂದೊಂದರ ಸದ್ದೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಎದ್ದು ಹೋಗಿ ಸುಮ್ಮನೆ ಬಟನ್ ಆರಿಸುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಆಳುಗಳು ಮುಖ ಮುಖ ನೋಡಿಕೊಂಡರು.

ಐದನೆಯ ದಿನ ಕಾರು ಕೈಗೆ ಬಂತು. ಜಮಖಂಡಿಯಿಂದ ಬೀಳಗಿಯ ತನಕ ಒಂದು ಸಲವೂ ಲೆಕ್ಕ ತಪ್ಪಲಿಲ್ಲ; ಎಂಬತ್ತೆಂಟು, ಎಂಬತ್ತೇಳು, ಎಂಬತ್ತಾರು ಎಂದು ಒಂದೊಂದಾಗಿಯೇ ಇಳಿಯಿತು. ಅಷ್ಟು ನೆಟ್ಟಗೆ ಓಡುತ್ತಿರುವುದನ್ನು ಕಂಡು ನನಗೆ ಅದರ ಮೇಲೆ ದ್ವೇಷ ಬಂತು. ಷಡ್ಡಕರು ಅಂಗಳಕ್ಕೆ ಬಂದರು. ಗಾಡಿಯತ್ತ ನೋಡಲೂ ಇಲ್ಲ, ಚುಚ್ಚಿ ಮಾತಾಡಲೂ ಇಲ್ಲ. "ಒಳಗ ನಡೀರಿ" ಎಂದರು, ಅಷ್ಟೇ.

ಹಿಂದಿನ ದಿನವಷ್ಟೇ ಅಕ್ಕನನ್ನು ಮನೆಗೆ ತಂದಿದ್ದರು. ಮಾತು ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ಮಂಚದ ಮೇಲೆ ಅವಳು ಕಣ್ಣು ತೆರೆದೇ ಮಲಗಿದ್ದಳು. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅಕ್ಕನ ತುಟಿ ಅಲುಗುತ್ತಿತ್ತು, ಗಂಟಲಿನಿಂದ ಏನೋ ದನಿ ಹೊರಟು ಅಲ್ಲೇ ನಿಲ್ಲುತ್ತಿತ್ತು; ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

"ಏನೋ ಹೇಳಾಕತ್ತಾಳ್ರಿ" ಎಂದಳು ಹೆಂಡತಿ, ನನ್ನ ಕಡೆ ತಿರುಗದೆ. "ಅವತ್ತಿನಿಂದ ಇದನ್ನ ಹೇಳಾಕತ್ತಾಳ. ನನಗ ತಿಳಿಯಾಕತ್ತಿಲ್ಲ."

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಗಡಬಡಿಸಿ ಬಾಗಿಲಿಗೆ ಬಂದು ಎತ್ತಿದೆ. ಕಂಪನಿಯಿಂದ ಒಬ್ಬ ಹೆಣ್ಣುಮಗಳು. ಬೆಂಗಳೂರಿನ ಕಡೆಯ ಕನ್ನಡ, ಬಹಳ ಮರ್ಯಾದೆಯ ದನಿ. ಕಾರಿನ ಸರ್ವಿಸ್ ಚೆನ್ನಾಗಿ ಆಯ್ತಾ, ಬ್ಯಾಟರಿ ಅಪ್‌ಡೇಟ್ ಆದ ಮೇಲೆ ಗಾಡಿ ಸರಿಯಾಗಿ ಓಡ್ತಿದೆಯಾ ಎಂದು ಕೇಳಿದಳು. ಓಡುತ್ತಿದೆ ಎಂದೆ. ಮೂರು ವಾರದಿಂದ ಇಂಥ ಒಂದು ಫೋನಿಗಾಗಿಯೇ ನಾನು ಬೈಗುಳ ಕೂಡಿಟ್ಟುಕೊಂಡಿದ್ದೆ.

"ನಮ್ಮ ಕಡೆಯಿಂದ ನಿಮಗೆ ಏನಾದ್ರೂ ತೊಂದರೆ ಆಗಿದ್ಯಾ ಸರ್?"

"ಇಲ್ಲವ್ವಾ" ಎಂದೆ. "ನಿಮ್ಮಿಂದ ಏನೂ ಆಗಿಲ್ಲ. ಆಗಿದ್ದೆಲ್ಲಾ ನನ್ನಿಂದ."

ಒಳಗೆ ಅದು ಕೇಳಿಸಿತು. ಹೆಂಡತಿ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಬಾಗಿ, ಅಕ್ಕನ ಬಾಯಿಯ ಹತ್ತಿರ ಮತ್ತೆ ಕಿವಿಯಿಟ್ಟಳು.